ಕಲಿಯುವ ಹುಡುಗರಿಗೆ ಸರ್ವರ್ ಬಿಟ್ಟುಕೊಡುವ ಮುಂಚೆ

ಬಾಗಲಕೋಟೆ ನವನಗರದ ನಮ್ಮ ಆಫೀಸಿಗೆ ಕೆಲಸ ಕಲಿಯಲು ಬಂದ ಹುಡುಗನಿಗೆ ಲಿನಕ್ಸ್ ಸರ್ವರ್‌ನಲ್ಲಿ ಒಂದು ಅಕೌಂಟ್ ಮಾಡಿಕೊಟ್ಟೆ. ಸುಡೊ, ಅಂದ್ರೆ ಅಡ್ಮಿನ್ ಅಧಿಕಾರ, ಕೊಡಲಿಲ್ಲ. ಶೆಲ್ (ಕಮಾಂಡ್ ಹೊಡೆಯುವ ಪ್ರೋಗ್ರಾಂ) ಮಾತ್ರ ಆರ್‌ಬ್ಯಾಶ್, ಅಂದ್ರೆ ಮಾಮೂಲಿ ಬ್ಯಾಶ್ ಶೆಲ್‌ನ ಕೈಕಟ್ಟಿದ ರೂಪ. ಅದರಲ್ಲಿ ಫೋಲ್ಡರ್ ಬದಲಿಸುವ ಸಿಡಿ ಕಮಾಂಡ್ ನಡೆಯೋದಿಲ್ಲ, ಕಮಾಂಡ್ ಹೆಸರಲ್ಲಿ ಸ್ಲ್ಯಾಶ್ ಹಾಕುವಂತಿಲ್ಲ, ಪಾತ್ (ಕಮಾಂಡ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಅನ್ನೋ ಪಟ್ಟಿ) ಬದಲಾಯಿಸಲೂ ಬಿಡುವುದಿಲ್ಲ. ಒಂದು ಬಿನ್ ಫೋಲ್ಡರ್ ಮಾಡಿ, ಫೈಲ್ ಪಟ್ಟಿ ತೋರಿಸುವ ಎಲ್‌ಎಸ್, ಫೈಲ್ ಓದುವ ಕ್ಯಾಟ್, ಅದರಲ್ಲಿ ಹುಡುಕುವ ಗ್ರೆಪ್, ಎಡಿಟರ್ ವಿಮ್ ಇಷ್ಟಕ್ಕೇ ಲಿಂಕ್ ಕೊಟ್ಟು, ಪಾತ್ ಅಲ್ಲಿಗಷ್ಟೇ ತೋರಿಸಿದೆ. ಚಹಾ ಕುಡಿದು ಬರೋಷ್ಟರಲ್ಲಿ ಹುಡುಗ ಈ ಕಟ್ಟು ದಾಟಿ ಹೊರಗಿದ್ದ!

ತಪ್ಪು ನನ್ನದೇ. ವಿಮ್ ಒಳಗೆ ಶೆಲ್ ಸೆಟ್ಟಿಂಗನ್ನು ಬ್ಯಾಶ್‌ಗೆ ತಿರುಗಿಸಿ, ಕೋಲನ್ ಹಾಕಿ ಶೆಲ್ ಅಂತ ಹೊಡೆದಿದ್ದಾನೆ. ಪೂರ್ತಿ ಬ್ಯಾಶ್ ಕೈಗೆ ಬಂತು. ಹೀಗೆ ಒಳಗಿಂದ ಬೇರೆ ಪ್ರೋಗ್ರಾಂ ಓಡಿಸುವ ಯಾವುದನ್ನೂ ಲಿಸ್ಟಿಗೆ ಸೇರಿಸಬೇಡಿ. ಎಡಿಟರ್ ಬೇಕೇ ಬೇಕು ಅಂದ್ರೆ ಆರ್‌ನ್ಯಾನೊ (ನ್ಯಾನೊ ಎಡಿಟರ್‌ನ ಕೈಕಟ್ಟಿದ ರೂಪ) ಸಾಕು.

ಇನ್ನೊಂದು. ಪಾತ್ ಬರೆದಿಟ್ಟ ಬ್ಯಾಶ್ ಪ್ರೊಫೈಲ್ ಫೈಲ್ ರೂಟ್ (ಸರ್ವರ್‌ನ ಮುಖ್ಯ ಅಡ್ಮಿನ್) ಹೆಸರಲ್ಲಿರಲಿ, ಹುಡುಗನ ಹೋಮ್ ಫೋಲ್ಡರ್ ಕೂಡ. ಫೋಲ್ಡರ್ ಅವನದ್ದಾಗಿ, ಎಸ್‌ಎಫ್‌ಟಿಪಿಯೂ (ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ ದಾರಿ) ತೆರೆದಿದ್ದರೆ ಹಳೆಯ ಪ್ರೊಫೈಲ್ ಅಳಿಸಿ ತನ್ನದನ್ನು ಇಡಬಹುದು, ಅಲ್ವಾ? ಬರೆಯಲು ಒಳಗೊಂದು ಬೇರೆ ಫೋಲ್ಡರ್ ಕೊಡಿ. ಪ್ರೊಸೆಸ್ ಎಷ್ಟು ಓಡಿಸಬಹುದು ಅನ್ನೋ ಮಿತಿಯನ್ನು ಲಿಮಿಟ್ಸ್ ಫೈಲಲ್ಲಿ ಹಾಕಿ.

ಆದರೂ ಕ್ಯಾಟ್‌ನಿಂದ ಎಲ್ಲರಿಗೂ ತೆರೆದಿಟ್ಟ ಫೈಲ್ ಓದಲು ಬಂದೇ ಬರುತ್ತದೆ. ಆರ್‌ಬ್ಯಾಶ್ ಬೇಲಿ ಅಷ್ಟೇ, ಗೋಡೆ ಅಲ್ಲ. ಗಿರಾಕಿಗಳ ಲೆಕ್ಕಪತ್ರ ಇರುವ ಸರ್ವರ್ ಆದರೆ ಈ ಉಸಾಬರಿಯೇ ಬೇಡ, ಒಂದು ಸಣ್ಣ ವರ್ಚುವಲ್ ಮಷಿನ್ (ಸಾಫ್ಟ್‌ವೇರ್‌ನಲ್ಲಿ ಮಾಡಿದ ಪ್ರತ್ಯೇಕ ಕಂಪ್ಯೂಟರ್) ಮಾಡಿಕೊಡಿ. ಕೆಡಿಸಿದರೆ ಅಳಿಸಿ ಹೊಸದು ಮಾಡಿದರಾಯ್ತು.