ಎಣ್ಣೆ ಬಾವಿ ಅರ್ಥವಾಗಿದ್ದು ನಮ್ಮ ಬೋರ್‌ವೆಲ್ ಮುಂದೆ

ನಾನು ಓದಿದ್ದು ಮೆಕ್ಯಾನಿಕಲ್, ಊರು ಬೀದರ್ ಹತ್ತಿರದ ಹಳ್ಳಿ. ಎಣ್ಣೆ-ಗ್ಯಾಸ್ ಕೆಲಸಕ್ಕೆ ಹೋಗಬೇಕು ಅಂತ ರಿಸರ್ವಾಯರ್ ಎಂಜಿನಿಯರಿಂಗ್ (ನೆಲದಡಿಯ ಎಣ್ಣೆ-ಗ್ಯಾಸ್ ಲೆಕ್ಕ ಹಾಕುವ ವಿದ್ಯೆ) ಓದಲು ಕೂತಾಗ ತಲೆಯಲ್ಲಿದ್ದ ಚಿತ್ರವೇ ತಪ್ಪಾಗಿತ್ತು. ನೆಲದಡಿ ಎಣ್ಣೆಯ ಕೆರೆ ಇರುತ್ತದೆ, ಪೈಪ್ ಇಳಿಸಿ ಹೀರುತ್ತಾರೆ ಅಂದುಕೊಂಡಿದ್ದೆ. ಆರು ತಿಂಗಳು ಸುಮ್ನೆ ಸೂತ್ರ ಉರು ಹೊಡೆದೆ.

ದಾರಿ ಕಂಡಿದ್ದು ನೌಬಾದ್ ಕರೇಜ್ ನೋಡಲು ಹೋದಾಗ. ಬಹಮನಿ ಕಾಲದ ನೀರಿನ ಸುರಂಗ ಅದು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ತೂತು ತೂತು, ಮಳೆನೀರು ಒಳಗೆ ಇಳಿಯುತ್ತದೆ. ಅದರ ಕೆಳಗಿನ ಕರಿಕಲ್ಲು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ತಡೆದು ನಿಂತ ನೀರು ಸುರಂಗಕ್ಕೆ ಒಸರುತ್ತದೆ. ಎಣ್ಣೆಯೂ ಹೀಗೇ ಕಲ್ಲಿನ ಸಣ್ಣ ತೂತುಗಳಲ್ಲಿ ಇರುತ್ತದೆ. ಆದರೆ ಎಣ್ಣೆ ನೀರಿಗಿಂತ ಹಗುರ, ಮೇಲಕ್ಕೇರುತ್ತದೆ. ಹಾಗಾಗಿ ಅದನ್ನು ತಡೆಯುವ ಕಲ್ಲು ಮೇಲ್ಗಡೆ ಇರಬೇಕು.

ಮನೆಗೆ ಬಂದು ಒಂದು ಇಟ್ಟಿಗೆ ತೂಗಿದೆ, 3.1 ಕೆಜಿ. ರಾತ್ರಿಯಿಡೀ ನೀರಲ್ಲಿಟ್ಟು ಮತ್ತೆ ತೂಗಿದರೆ 3.5. ಅಂದರೆ ಒಳಗೆ 400 ಮಿಲಿ ನೀರು. ಇಟ್ಟಿಗೆಯ ಗಾತ್ರ ಸುಮಾರು 1770 ಮಿಲಿ. ಪೊರಾಸಿಟಿ, ಅಂದರೆ ಒಟ್ಟು ಗಾತ್ರದಲ್ಲಿ ತೂತುಗಳ ಪಾಲು, 22-23 ಪರ್ಸೆಂಟ್!

ನಾನು ಹಿಗ್ಗಿ ಹೇಳಿದ್ದಕ್ಕೆ ಅಪ್ಪ, "ನಮ್ಮ ಎರೆ ಮಣ್ಣು ಇದಕ್ಕಿಂತ ಜಾಸ್ತಿ ಕುಡೀತದ ತಮ್ಮಾ. ಆದ್ರ ಬಿಡಂಗಿಲ್ಲ" ಅಂದರು. ಪೊರಾಸಿಟಿ ಬೇರೆ, ಪರ್ಮಿಯಬಿಲಿಟಿ (ದ್ರವವನ್ನು ಹರಿಯಬಿಡುವ ಗುಣ) ಬೇರೆ ಅಂತ ಎಷ್ಟು ಪುಟ ಓದಿದ್ದೆನೋ. ಅಪ್ಪ ಎರಡು ಮಾತಲ್ಲಿ ಮುಗಿಸಿದರು. ಎರಡು ಬಾಟಲಿಗಳ ತಳ ಕೊಯ್ದು, ಒಂದಕ್ಕೆ ಮರಳು, ಇನ್ನೊಂದಕ್ಕೆ ಎರೆ ಮಣ್ಣು ತುಂಬಿ ನೀರು ಹಾಕಿದೆ. ಮರಳಿನಿಂದ ಧಾರೆ ಬಂತು, ಎರೆ ಮಣ್ಣಿನಿಂದ ಬಹಳ ಹೊತ್ತಿಗೆ ಒಂದು ಹನಿ. ಎಂಜಿನಿಯರ್ ಹೆನ್ರಿ ಡಾರ್ಸಿ ಫ್ರಾನ್ಸ್‌ನ ಡಿಜಾನ್ ಊರಿನ ನೀರಿನ ವ್ಯವಸ್ಥೆಗಾಗಿ ಮರಳಿನ ಕಂಬದಲ್ಲಿ ಪ್ರಯೋಗ ಮಾಡಿ, 1856ರಲ್ಲಿ ಪ್ರಕಟಿಸಿದ, ಮರಳಿನೊಳಗೆ ನೀರು ಹರಿಯುವ ನಿಯಮವೂ ಇಂಥದ್ದೇ ನೋಟದಿಂದ ಬಂದದ್ದು. ಎಣ್ಣೆಯವರು ಅದನ್ನು ಆಮೇಲೆ ಎರವಲು ಪಡೆದರು.

ಎಣ್ಣೆ ಎಷ್ಟಿದೆ ಅನ್ನುವ ಲೆಕ್ಕ ರೈತನ ಮಗನಿಗೆ ಸುಲಭ, ಅದು ಎಕರೆಯಲ್ಲೇ ಇದೆ. ಒಂದು ಎಕರೆಗೆ ಒಂದು ಅಡಿ ದಪ್ಪ ಅಂದರೆ 7758 ಬ್ಯಾರೆಲ್ ಜಾಗ. 100 ಎಕರೆ, 30 ಅಡಿ, ಪೊರಾಸಿಟಿ 20 ಪರ್ಸೆಂಟ್, ಅದರಲ್ಲಿ ಕಾಲು ಭಾಗ ನೀರು ಅಂತ ಹಿಡಿದೆ. ನನ್ನ ಉತ್ತರ ಸುಮಾರು 35 ಲಕ್ಷ ಬ್ಯಾರೆಲ್. ತಪ್ಪು! ಕೆಳಗಿನ ಒತ್ತಡದಲ್ಲಿ ಎಣ್ಣೆಯೊಳಗೆ ಗ್ಯಾಸ್ ಕರಗಿರುತ್ತದೆ, ಗೋಲಿ ಸೋಡಾದಲ್ಲಿ ಇದ್ದ ಹಾಗೆ. ಮೇಲೆ ಬಂದಾಗ ಗ್ಯಾಸ್ ಬಿಟ್ಟು ಎಣ್ಣೆ ಕುಗ್ಗುತ್ತದೆ. ಕೆಳಗಿನ 1.25 ಬ್ಯಾರೆಲ್ ಮೇಲೆ 1 ಬ್ಯಾರೆಲ್ ಆಗುತ್ತದೆ ಅಂತ ಹಿಡಿದು 1.25ರಿಂದ ಭಾಗಿಸಿದರೆ ಉಳಿಯುವುದು 28 ಲಕ್ಷ. ಅದೂ ಪೂರ್ತಿ ಕೈಗೆ ಬರುವುದಿಲ್ಲ, ಕಲ್ಲು ಬಹಳಷ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ವೆಲ್ ಟೆಸ್ಟ್. ಬಾವಿ ನಿಲ್ಲಿಸಿ ಒತ್ತಡ ಹೇಗೆ ಏರುತ್ತದೆ ಅಂತ ನೋಡಿ ಕಲ್ಲಿನ ಗುಣ ತಿಳಿಯುವುದು. ಮೊದಲು ನಮ್ಮ ತೆರೆದ ಬಾವಿಯಲ್ಲಿ ಮಾಡಿ ಕೆಟ್ಟೆ. ಬಾವಿ ಅಷ್ಟು ಅಗಲ, ನೀರೆಲ್ಲ ಅದನ್ನು ತುಂಬುವುದಕ್ಕೇ ಹೋಯಿತು. ಆಮೇಲೆ ಬೋರ್‌ವೆಲ್ ಹಿಡಿದೆ. ಐದು ತಾಸು ಪಂಪ್ ಓಡಿಸಿ ನಿಲ್ಲಿಸಿದೆ. ಹಗ್ಗಕ್ಕೆ ದೊಡ್ಡ ನಟ್ ಕಟ್ಟಿ 1, 2, 4, 8, 15, 30, 60 ನಿಮಿಷಕ್ಕೆ ನೀರಿನ ಮಟ್ಟ ಅಳೆದೆ, ಇಲ್ಲಿ ಒತ್ತಡದ ಬದಲು ಅದೇ. ಹಗ್ಗ ಎರಡು ಸಲ ಪೈಪಿಗೆ ಸಿಕ್ಕಿಹಾಕಿಕೊಂಡಿತು, ಬೈಸಿಕೊಂಡೆ.

ಓಡಿದ ಸಮಯಕ್ಕೆ ನಿಂತ ಸಮಯ ಕೂಡಿಸಿ, ನಿಂತ ಸಮಯದಿಂದ ಭಾಗಿಸಬೇಕು. 60ನೇ ನಿಮಿಷಕ್ಕೆ 360 ಭಾಗ 60, ಅಂದರೆ 6. ಇದನ್ನು ಲಾಗ್ ಕಾಗದದ (1, 10, 100 ಸಮ ದೂರದಲ್ಲಿರುವ ಗ್ರಾಫ್ ಕಾಗದ) ಮೇಲೆ ನೀರಿನ ಮಟ್ಟದ ಎದುರು ಹಾಕಿದೆ. ಮೊದಲ ಚುಕ್ಕೆಗಳು ಬಾಗಿದ್ದವು, ಕೊನೆಯವು ಸಾಲಾಗಿ ನಿಂತಿದ್ದವು. ಅವಸರದಲ್ಲಿ ನಾನು ಮೊದಲ ಚುಕ್ಕೆಗಳ ಮೇಲೇ ಗೆರೆ ಎಳೆದುಬಿಟ್ಟಿದ್ದೆ. ಆ ಭಾಗ ಹೇಳುವುದು ಬೋರ್ ತುಂಬಿಕೊಳ್ಳುವ ಕತೆ. ಕಲ್ಲು ಮಾತಾಡುವುದು ಆಮೇಲಿನ ನೇರ ಗೆರೆಯಲ್ಲಿ. ಆ ಗೆರೆ ಎಷ್ಟು ಕಡಿದಾಗಿದೆಯೋ ಪರ್ಮಿಯಬಿಲಿಟಿ ಅಷ್ಟು ಕಡಿಮೆ.

ಎಣ್ಣೆ-ನೀರು ಒಟ್ಟಿಗೆ ಹರಿಯುವ ಲೆಕ್ಕದಲ್ಲಿ ಈಗಲೂ ತಡವರಿಸುತ್ತೇನೆ, ಅದಕ್ಕೆ ಬಾಟಲಿ ಸಾಲದು. ಆದರೆ ಯಾವ ಬಾವಿಯ ಗ್ರಾಫ್ ಕೈಗೆ ಬಂದರೂ ಮೊದಲ ಭಾಗವನ್ನು ಅಂಗೈಯಿಂದ ಮುಚ್ಚಿ ನೋಡುತ್ತೇನೆ.