ಪರದೇಶದಲ್ಲಿ ವೀಗನ್ ಊಟ: ಏನನ್ನು ಕೇಳಬೇಕು, ಹೇಗೆ ಕೇಳಬೇಕು

ಜಪಾನಿನ ಸಣ್ಣ ಹೋಟೆಲೊಂದರಲ್ಲಿ ಮೇಜಿಗೆ ಬಂದ ಉದೋನ್ ಬಟ್ಟಲಿನಲ್ಲಿ ಕಣ್ಣಿಗೆ ಬೀಳುವುದು ಗೋಧಿಯ ದಪ್ಪ ಶಾವಿಗೆ, ಹೆಚ್ಚಿದ ಈರುಳ್ಳಿ ಸೊಪ್ಪು ಮತ್ತು ಕರಿದ ತೋಫುವಿನ ಒಂದು ತುಂಡು ಮಾತ್ರ. ಆದರೆ ಅವೆಲ್ಲ ಮುಳುಗಿರುವ ತಿಳಿಸಾರು ಸಾಮಾನ್ಯವಾಗಿ ‘ದಾಶಿ’ಯಿಂದ ಆದದ್ದು, ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನನ್ನು ಮರದ ಹೆರೆಯಂತೆ ತೆಳ್ಳಗೆ ಹೆರೆದು, ಬಿಸಿನೀರಿನಲ್ಲಿ ಹಾಕಿ ಸೋಸಿ ತೆಗೆದ ರಸವದು. ಮೀನು ಬೇಡ ಎಂದು ಮೊದಲೇ ಹೇಳಿದವರಿಗೂ ಇದೇ ಬಟ್ಟಲು ಬರುವುದುಂಟು. ಬಡಿಸಿದವರು ಸುಳ್ಳು ಹೇಳಿಲ್ಲ, ಅವರ ಲೆಕ್ಕದಲ್ಲಿ ಅದರಲ್ಲಿ ಮೀನಿನ ತುಂಡಿಲ್ಲ, ಅಷ್ಟೆ. ಆದ್ದರಿಂದ ವೀಗನ್ನರು, ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ಜೇನು ಹೀಗೆ ಪ್ರಾಣಿಗಳಿಂದ ಬಂದ ಯಾವುದನ್ನೂ ತಿನ್ನದವರು, ‘ಇದರಲ್ಲಿ ಮಾಂಸವಿದೆಯೇ’ ಎಂಬ ಪ್ರಶ್ನೆಯನ್ನು ಬಿಟ್ಟು, ಸಾರು ಯಾವುದರಿಂದ ಮಾಡಿದ್ದು, ಒಗ್ಗರಣೆಗೆ ಯಾವ ಜಿಡ್ಡು ಬಳಸಿದ್ದು, ಉಪ್ಪಿನ ರುಚಿ ಎಲ್ಲಿಂದ ಬಂದದ್ದು ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.

ಹೀಗೆ ಕಣ್ಣಿಗೆ ಕಾಣದೆ ಸೇರಿಕೊಳ್ಳುವ ಪದಾರ್ಥ ಬಹುತೇಕ ಪ್ರತಿಯೊಂದು ದೇಶದ ಅಡುಗೆಯಲ್ಲೂ ಇದೆ. ಥಾಯ್ಲೆಂಡಿನ ‘ನಾಮ್ ಪ್ಲಾ’ ಮತ್ತು ವಿಯೆಟ್ನಾಮಿನ ‘ನುವಾಕ್ ಮಾಮ್’ ಎರಡೂ ಮೀನಿನ ರಸಗಳು. ಇಂಡೋನೇಷ್ಯಾದ ಮೆಣಸಿನಕಾಯಿ ಚಟ್ನಿಯಾದ ಸಂಬಾಲ್‌ನಲ್ಲಿ ‘ತೆರಾಸಿ’ ಎಂಬ ಸೀಗಡಿಯ ಮುದ್ದೆ ಇರಬಹುದು. ಕೊರಿಯಾದ ತರಕಾರಿ ಉಪ್ಪಿನಕಾಯಿಯಾದ ಕಿಮ್ಚಿಗೆ ಉಪ್ಪು ಹಾಕಿ ಹುದುಗಿಸಿದ ಮೀನು ಅಥವಾ ಸೀಗಡಿ ಬೀಳುವುದು ವಾಡಿಕೆ. ಮೆಕ್ಸಿಕೊದಲ್ಲಿ ಬೇಯಿಸಿ ಮಸೆದು ಹುರಿದ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಬಳಕೆಯಾಗುತ್ತದೆ. ಇಡೀ ಭಾಷೆಯನ್ನು ಕಲಿಯಲಾಗದಿದ್ದರೂ ಹೋಗುವ ದೇಶದ ಇಂಥ ಎರಡು ಮೂರು ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಹೊರಟರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ ಬೇಕಾದದ್ದು ಆ ನಾಡಿನ ವ್ರತದ ಅಡುಗೆಯ ಹೆಸರು. ‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಬ್ರಿಟನ್ನಿನಲ್ಲಿ. ದೊಡ್ಡ ನಗರಗಳ ಆಚೆ ಅದು ಎಷ್ಟೋ ಕಡೆ ಇನ್ನೂ ತಲುಪಿಲ್ಲ. ಆದರೆ ಪ್ರಾಣಿಜನ್ಯ ಆಹಾರವನ್ನು ವರ್ಜಿಸುವ ಧಾರ್ಮಿಕ ಪದ್ಧತಿಗಳು ಅದಕ್ಕಿಂತ ಎಷ್ಟೋ ಹಳೆಯವು, ಮತ್ತು ಅವುಗಳ ಹೆಸರು ಹೇಳಿದರೆ ಹಳ್ಳಿಯ ಅಡುಗೆಯವರಿಗೂ ಅರ್ಥವಾಗುತ್ತದೆ. ಥಾಯ್ಲೆಂಡಿನಲ್ಲಿ ‘ಜೇ’ ಎಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ, ಬೆಳ್ಳುಳ್ಳಿ ಈರುಳ್ಳಿಯನ್ನೂ ಬಿಟ್ಟ ಅಡುಗೆ, ಅದನ್ನು ಮಾರುವ ಕಡೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಾಣುತ್ತದೆ. ಅಲ್ಲಿಯದೇ ‘ಮಂಗ್ಸವಿರಾತ್’ ಎಂಬ ಮಾತಿಗೆ ಮೊಟ್ಟೆ ಹಾಲುಗಳ ಅಡ್ಡಿಯಿಲ್ಲ. ವಿಯೆಟ್ನಾಮಿನಲ್ಲಿ ‘ಚಾಯ್’ ಎಂಬ ಫಲಕವನ್ನು ಹುಡುಕಬೇಕು. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನಗಳಲ್ಲಿ ಅಂಥ ಊಟವನ್ನು ಅರಸುವವರು ಅಲ್ಲಿ ಬಹಳ. ಜಪಾನಿನ ಬೌದ್ಧ ಮಂದಿರಗಳ ‘ಶೋಜಿನ್ ರ್‍ಯೋರಿ’ಯಲ್ಲಿ ದಾಶಿಯನ್ನು ಕೊಂಬು ಎಂಬ ಕಡಲಪಾಚಿಯಿಂದಲೋ ಅಣಬೆಯಿಂದಲೋ ಮಾಡುತ್ತಾರೆ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇಥಿಯೋಪಿಯ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದ ಬಹುತೇಕ ಬುಧವಾರ ಮತ್ತು ಶುಕ್ರವಾರಗಳಂದು, ಅದರ ಮೇಲೆ ಈಸ್ಟರಿಗೆ ಮುಂಚಿನ 55 ದಿನ, ಮಾಂಸ, ಹಾಲು, ಬೆಣ್ಣೆ, ಮೊಟ್ಟೆಗಳನ್ನು ಮುಟ್ಟುವುದಿಲ್ಲ. ಆ ದಿನಗಳಲ್ಲಿ ‘ಯೆತ್ಸೋಮ್ ಬೆಯಾಯ್ನೆಟು’ ಎಂದು ಕೇಳಿದರೆ, ತೆಫ್ ಎಂಬ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ ಇಂಜೆರಾ ಹಾಸಿದ ಅಗಲವಾದ ತಟ್ಟೆ ಬರುತ್ತದೆ. ಅದರ ಮೇಲೆ ಖಾರದ ಕೆಂಪು ಬೇಳೆ, ಹಳದಿ ಬೇಳೆ, ಕಡಲೆ ಹಿಟ್ಟಿನ ಶಿರೋ, ಸೊಪ್ಪು, ಎಲೆಕೋಸು, ಬೀಟ್‌ರೂಟ್ ಗುಡ್ಡೆ ಗುಡ್ಡೆಯಾಗಿ ಕುಳಿತಿರುತ್ತವೆ. ಆದರೆ ವ್ರತವಿಲ್ಲದ ದಿನ ಅದೇ ಬೇಳೆಗೆ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ ಬೀಳಬಹುದು, ಹಾಗಾಗಿ ವ್ರತ ಎಂಬ ಅರ್ಥದ ‘ತ್ಸೋಮ್’ ಎಂಬ ಮಾತನ್ನು ಬಿಡದೆ ಹೇಳಬೇಕು. ಗ್ರೀಸಿನ ‘ನಿಸ್ತಿಸಿಮೊ’ ಇದಕ್ಕೆ ಹತ್ತಿರದ್ದಾದರೂ ಅದು ಜೇನನ್ನೂ ಸೀಗಡಿಯಂಥ ಕೆಲವು ಕಡಲಜೀವಿಗಳನ್ನೂ ಒಪ್ಪುತ್ತದೆ ಎಂಬುದನ್ನು ನೆನಪಿಡಬೇಕು.

ಬಾಯಿಮಾತಿಗಿಂತ ಬರೆದ ಚೀಟಿ ಮೇಲು, ಏಕೆಂದರೆ ಅದು ಒಳಗೆ ಅಡುಗೆಮನೆಯವರೆಗೆ ಹೋಗುತ್ತದೆ. ಬ್ರಿಟನ್ನಿನ ವೀಗನ್ ಸೊಸೈಟಿ ಇದಕ್ಕಾಗಿಯೇ ‘ವೀಗನ್ ಪಾಸ್‌ಪೋರ್ಟ್’ ಎಂಬ ಕಿರುಹೊತ್ತಗೆಯನ್ನು ಹಲವಾರು ಭಾಷೆಗಳಲ್ಲಿ ಹೊರತಂದಿದೆ. ಸ್ವಂತ ಚೀಟಿ ಬರೆಯುವುದಾದರೆ ಬೇಡವಾದವುಗಳ ಪಟ್ಟಿಯಷ್ಟೇ ಸಾಲದು; ಅನ್ನ, ಕಾಳು, ತರಕಾರಿ, ತೋಫು, ಎಣ್ಣೆ ಆಗುತ್ತದೆ ಎಂದೂ ಬರೆದಿರಬೇಕು, ಇಲ್ಲವಾದರೆ ಪಾಪ, ಅಡುಗೆಯವರು ಏನು ಕೊಡಲಿ ಎಂದು ಕೈಚೆಲ್ಲಿಬಿಡುತ್ತಾರೆ. ಯಂತ್ರಾನುವಾದವನ್ನು ನಂಬಿದ್ದರೆ ಅದನ್ನು ಮರಳಿ ನಿಮ್ಮ ಭಾಷೆಗೆ ತಿರುಗಿಸಿ ಒಮ್ಮೆ ಓದಿ ನೋಡಬೇಕು. ಚೀಟಿ ಕೊಡಲು ಊಟದ ನೂಕುನುಗ್ಗಲು ಶುರುವಾಗುವ ಮುಂಚಿನ ಹೊತ್ತು ಒಳ್ಳೆಯದು.

ಹೋಟೆಲು ಹುಡುಕಲು 1999ರಿಂದ ನಡೆದುಬಂದಿರುವ ಹ್ಯಾಪಿಕೌ ಎಂಬ ಜಾಲತಾಣ ಉಪಯುಕ್ತ, ಆದರೆ ಅಲ್ಲಿ ಅಂಕಗಳಿಗಿಂತ ಕೊನೆಯ ಅಭಿಪ್ರಾಯದ ದಿನಾಂಕವನ್ನು ಮೊದಲು ನೋಡಬೇಕು. ಬಾಗಿಲು ಹಾಕಿದ ಹೋಟೆಲಿಗೂ ಐದು ನಕ್ಷತ್ರ ಉಳಿದಿರಬಹುದು.

ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವಾಗ ಯುರೋಪ್ ಒಕ್ಕೂಟದ ನಿಯಮ ನೆರವಿಗೆ ಬರುತ್ತದೆ. ಹಾಲು, ಮೊಟ್ಟೆ, ಮೀನು ಸೇರಿದಂತೆ 14 ಬಗೆಯ ಅಲರ್ಜಿಕಾರಕಗಳು ಪದಾರ್ಥಗಳ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿತವಾಗಿರಬೇಕು. ಜೇನು, ಜೆಲಾಟಿನ್, ಹಂದಿಯ ಕೊಬ್ಬು ಆ ಹದಿನಾಲ್ಕರಲ್ಲಿ ಸೇರಿಲ್ಲವಾದ್ದರಿಂದ ಅವನ್ನು ಕಣ್ಣಿಟ್ಟು ಹುಡುಕಬೇಕು. ಅದೇ ರೀತಿ ಪಟ್ಟಿಯಲ್ಲಿ ಬರುವ ಸೇರ್ಪಡೆಗಳ ಸಂಕೇತಗಳಲ್ಲಿ ಇ120 ಎಂಬುದು ಕೀಟದಿಂದ ತೆಗೆದ ಕೆಂಪು ಬಣ್ಣ, ಇ901 ಜೇನುಮೇಣ, ಇ904 ಕೀಟದಿಂದಲೇ ಬರುವ ಅರಗು. ಹಳದಿ ಬಣ್ಣದ ವಿ-ಲೇಬಲ್ ಎಂಬ ಸಸ್ಯಾಹಾರದ ಗುರುತು ಕಂಡೊಡನೆ ಪೊಟ್ಟಣವನ್ನು ಬುಟ್ಟಿಗೆ ಹಾಕಬೇಡಿ. ಅದರಲ್ಲಿ ವೀಗನ್ ಮತ್ತು ವೆಜಿಟೇರಿಯನ್ ಎಂಬ ಎರಡು ಬಗೆಗಳಿವೆ, ಜೊತೆಗಿರುವ ಪದವನ್ನು ಓದಬೇಕು.

ವಿಮಾನದ ಊಟಕ್ಕೆ ‘ವಿಜಿಎಂಎಲ್’ ಎಂಬ ಸಂಕೇತವನ್ನು ಆರಿಸಿಕೊಳ್ಳಬೇಕು. ‘ಎವಿಎಂಎಲ್’ ಎಂಬ ಏಷ್ಯನ್ ಸಸ್ಯಾಹಾರದಲ್ಲಿ ಹಾಲಿನ ಪದಾರ್ಥಗಳಿರಬಹುದು. ಕಂಪನಿಗಳು ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಮೊದಲು ತಿಳಿಸಲು ಹೇಳುತ್ತವೆ, ಮತ್ತು ವಿಮಾನ ಬದಲಾದರೆ ಈ ಕೋರಿಕೆ ಹೊಸ ಟಿಕೆಟ್ಟಿಗೆ ತಾನಾಗಿ ಬರದೇ ಹೋಗಬಹುದು. ಕೈಚೀಲದಲ್ಲಿ ಒಂದು ಹೊತ್ತಿಗಾಗುವಷ್ಟು ಬೀಜ, ಒಣಹಣ್ಣು, ಬ್ರೆಡ್ಡು ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಉಳಿದದ್ದನ್ನು ಇಳಿಯುವ ಮುನ್ನ ತಿಂದು ಮುಗಿಸಿ, ಇಲ್ಲವೇ ಆ ದೇಶವನ್ನು ಪ್ರವೇಶಿಸುವಾಗ ತುಂಬುವ ಅರ್ಜಿಯಲ್ಲಿ ಘೋಷಿಸಿ. ನ್ಯೂಜಿಲೆಂಡಿನಲ್ಲಿ ಚೀಲದ ಮೂಲೆಯಲ್ಲಿ ಮರೆತುಹೋದ ಒಂದು ಸೇಬಿಗೂ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು.