ಉಳಿದ ಮಾತ್ರೆ ಎಲ್ಲಿಗೆ ಹೋಗಬೇಕು?

ನಾನು ಫಾರ್ಮಸಿಸ್ಟ್. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಎಲ್ಲರೂ ಕೇಳುತ್ತಾರೆ. ಉಳಿದದ್ದನ್ನು ಏನು ಮಾಡಲಿ ಎಂದು ಕೇಳುವವರು ಅಪರೂಪ. ಕಮೋಡಿಗೆ ಸುರಿದು ಫ್ಲಷ್ ಮಾಡಿದರೆ ಮುಗಿಯಿತು ಅಂದುಕೊಳ್ಳುತ್ತಾರೆ.

ಮುಗಿಯುವುದಿಲ್ಲ. ಕೊಳಚೆ ನೀರು ಶುದ್ಧೀಕರಿಸುವ ಸಾಮಾನ್ಯ ಘಟಕಗಳನ್ನು ಕಟ್ಟಿದ್ದು ಮಲ, ಕೊಳೆ ತೆಗೆಯಲು. ಕರಗಿದ ಔಷಧ ಹಿಡಿಯಲು ಅಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಾಝೆಪಿನ್ ಅಲ್ಲಿಂದ ಹೆಚ್ಚುಕಡಿಮೆ ಹಾಗೇ ದಾಟಿ ನದಿ ಸೇರುತ್ತದೆ. 104 ದೇಶಗಳ 258 ನದಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ತೆಗೆದ ಸುಮಾರು ಕಾಲುಭಾಗ ಜಾಗಗಳಲ್ಲಿ ಒಂದಾದರೂ ಔಷಧ ಸುರಕ್ಷಿತ ಮಟ್ಟ ಮೀರಿತ್ತು.

ಮೊದಲ ದಾರಿ, ವಾಪಸ್ ಪಡೆಯುವ ಔಷಧಿ ಅಂಗಡಿ ಅಥವಾ ಆಸ್ಪತ್ರೆಗೆ ಕೊಡುವುದು. ಕ್ಯಾನ್ಸರ್ ಔಷಧಿಗಾದರೆ ಅದೊಂದೇ ದಾರಿ; ಕೊಟ್ಟ ಆಸ್ಪತ್ರೆಗೇ ಮರಳಿಸಿ. ಅಂಥ ವ್ಯವಸ್ಥೆ ಇಲ್ಲದ ಕಡೆ ಮಾಮೂಲಿ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಪುಡಿ ಮಾಡದೆ, ಮಣ್ಣಿನಲ್ಲೋ ಬಳಸಿದ ಕಾಫಿಪುಡಿಯಲ್ಲೋ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಮಕ್ಕಳು, ನಾಯಿ ಬಾಯಿಗೆ ಹಾಕಿಕೊಳ್ಳಬಾರದೆಂದೇ ಈ ಕಲಸಾಟ. ಸಿರಪ್ಪನ್ನೂ ಸಿಂಕಿಗೆ ಸುರಿಯದೆ ಹೀಗೇ ಮಾಡಿ. ಚರ್ಮಕ್ಕೆ ಅಂಟಿಸುವ, ತೀವ್ರ ನೋವಿಗೆ ಕೊಡುವ ಫೆಂಟನಿಲ್ ಪ್ಯಾಚ್‌ನಂಥವು ಮಾತ್ರ ಬೇರೆ: ಮಗುವಿನ ಕೈಗೆ ಒಂದು ಸಿಕ್ಕರೂ ಪ್ರಾಣಕ್ಕೆ ಕುತ್ತು. ಆದ್ದರಿಂದ ವಾಪಸ್ ಕೊಡಲಾಗದಿದ್ದರೆ ಫ್ಲಷ್ ಮಾಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಇನ್ಹೇಲರನ್ನು ಸುಡಬೇಡಿ, ಸಿಡಿಯುತ್ತದೆ.

ನೋವಿನ ಜೆಲ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಚ್ಚಿದ ಜೆಲ್ಲಿನೊಳಗಿನ ಔಷಧ ಡೈಕ್ಲೋಫೆನಾಕ್‌ನಲ್ಲಿ ರಕ್ತಕ್ಕೆ ಇಳಿಯುವುದು ನೂರಕ್ಕೆ ಆರರಷ್ಟು. ಉಳಿದದ್ದರಲ್ಲಿ ಬಹಳಷ್ಟು ಸ್ನಾನದ ನೀರು, ಬಟ್ಟೆ ಒಗೆದ ನೀರಿನ ಪಾಲು. ಹಚ್ಚಿದ ಕೈಯನ್ನು ಮೊದಲು ಕಾಗದದಿಂದ ಒರೆಸಿ, ಆ ಕಾಗದ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಹಚ್ಚಿಕೊಂಡ ತಕ್ಷಣ ಸ್ನಾನಕ್ಕೆ ಹೋಗಬೇಡಿ.

ಹಾಗಾದರೆ ನಲ್ಲಿ ನೀರು ಕುಡಿಯಬಹುದೇ? ಕುಡಿಯುವ ನೀರಿನಲ್ಲಿ ಸಾಮಾನ್ಯವಾಗಿ ಸಿಗುವುದು ಲೀಟರಿಗೆ ನ್ಯಾನೋಗ್ರಾಂ (ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು) ಲೆಕ್ಕದ ಔಷಧ. ಅದರಿಂದ ನೇರ ಅಪಾಯ ತೀರಾ ಕಡಿಮೆ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಕುದಿಸಿದರೆ ಔಷಧ ಹೋಗುತ್ತದೆಂದು ನಂಬಿಕೊಳ್ಳಬೇಡಿ. ನನಗಿರುವ ಹೆದರಿಕೆ ಆಂಟಿಬಯೋಟಿಕ್‌ಗಳದ್ದು. ನೀರಿನಲ್ಲಿ ಅವುಗಳ ಅಲ್ಪ ಪ್ರಮಾಣದ ಜೊತೆ ಬದುಕಿದ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತಾಗುತ್ತವೆ. ಇಂಥ ಜಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಎಲ್ಲ ನೀರಿನಿಂದ ಬಂದದ್ದಲ್ಲ, ಆದರೆ ನೀರೂ ಒಂದು ದಾರಿ.

ನಿಜ ಹೇಳಬೇಕೆಂದರೆ, ನದಿಗೆ ಹೋಗುವ ಔಷಧದಲ್ಲಿ ದೊಡ್ಡ ಪಾಲು ಮೂತ್ರದ್ದು, ಕೆಲವೆಡೆ ಕಾರ್ಖಾನೆಗಳದ್ದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ದೇಹದಿಂದ ರೂಪ ಬದಲಿಸದೇ ಹೊರಬರುತ್ತದೆ. ಹಾಗೆಂದು ಬೇಕಾದ ಮಾತ್ರೆ ಬಿಡಬೇಡಿ. ಹೊಸ ಮಾತ್ರೆ ಶುರುವಾದಾಗ, ಒಗ್ಗುತ್ತದೋ ಇಲ್ಲವೋ ತಿಳಿಯುವತನಕ, ಸ್ವಲ್ಪವೇ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ವೈರಸ್ ನೆಗಡಿಗೆ ಆಂಟಿಬಯೋಟಿಕ್ ಬೇಡುತ್ತ ನನ್ನ ಹತ್ತಿರ ಬರಬೇಡಿ.